ಕೊನೇ ಗದ್ದೆಗೆ ಮೊದಲ ನೀರು

ಟಣ್. ಟಣ್. ಟಣ್.

ಕೆರೆ ಏರಿಯ ಮೇಲಿನ ಹೊಂಗೆಮರಕ್ಕೆ ಒಂದು ರೈಲುಕಂಬಿಯ ತುಂಡು ತೂಗುಬಿದ್ದಿದೆ. ಬೆಳಿಗ್ಗೆ ಅದರ ಮೇಲೆ ಸುತ್ತಿಗೆಯ ಪೆಟ್ಟು ಬಿತ್ತೆಂದರೆ ಮಾವಿನದೊಡ್ಡಿಯಲ್ಲಿ ಹಲ್ಲುಜ್ಜುತ್ತಿದ್ದವರು ಕೈ ನಿಲ್ಲಿಸುತ್ತಾರೆ. ಹಾಲು ಕರೆಯುತ್ತಿದ್ದವರು ಕೆಚ್ಚಲಿನಿಂದ ಬೆರಳು ತೆಗೆಯದೆ ಕಿವಿಯನ್ನಷ್ಟೇ ಅತ್ತ ಕೊಡುತ್ತಾರೆ. ಪೆಟ್ಟು ಒಂದಾದರೆ ಕೆರೆಯ ನೀರು ತಲೆ ಬಯಲಿಗೆ, ಅಂದರೆ ತೂಬಿನ ಮಗ್ಗುಲ ಗದ್ದೆಗಳಿಗೆ. ಎರಡಾದರೆ ನಡು ಬಯಲಿಗೆ. ಮೂರಾದರೆ ಎರಡು ಮೈಲಿ ಆಚೆ, ಕಾಲುವೆ ಸತ್ತುಹೋಗುವ ಜಾಗದ ಕೊನೇ ಬಯಲಿಗೆ.

ಆ ಭಾನುವಾರ ಬಿದ್ದದ್ದು ಮೂರು.

ಸುತ್ತಿಗೆಯನ್ನು ಮರದ ಕವಲಿಗೆ ಸಿಕ್ಕಿಸಿ, ಪಟ್ಟಲಮ್ಮ ತೂಬಿನ ತಿರುಪನ್ನು ಎರಡೇ ಎರಡು ಸುತ್ತು ತಿರುಗಿಸಿದಳು. ಕೆಳಗೆ ಗುಳುಗುಳು ಎಂದಿತು. ನವೆಂಬರಿನ ಬಿಸಿಲಿಗೆ ಬಿರುಕುಬಿಟ್ಟಿದ್ದ ಕಾಲುವೆಯೊಳಗೆ ಒಂದು ಹಗ್ಗದಷ್ಟು ದಪ್ಪದ ನೀರು ಇಳಿದು, ನಿಂತು, ಬಿರುಕುಗಳಲ್ಲೆಲ್ಲ ಬೆರಳಾಡಿಸಿ, ಮುಂದಕ್ಕೆ ಹೊರಟಿತು. ಅವಳು ಸನಿಕೆ ತೊಳೆದು ಏರಿಯ ಮೇಲಿನ ತನ್ನ ಗುಡಿಸಲಿನ ಸೂರಿಗೆ ಸಿಗಿಸಿದಳು. ಸೀರೆಯ ನೆರಿಗೆ ಬಿಡಿಸಿಕೊಂಡಳು. ಎಂಟೂಕಾಲಿಗೆ ಪೂರಿಗಾಲಿ ಕಡೆಯಿಂದ ಬರುವ ಬಸ್ಸು ಹಿಡಿದರೆ ಒಂಬತ್ತಕ್ಕೆ ಮಳವಳ್ಳಿ. ಪ್ರಾರ್ಥನೆ ಮುಗಿಸಿ ಹನ್ನೆರಡಕ್ಕೆ ವಾಪಸ್ಸು. ನೀರು ಕೊನೇ ಬಯಲು ಮುಟ್ಟಲು ಮೂರು ಮೂರೂವರೆ ತಾಸು ಬೇಕು. ಅದಕ್ಕೇ ಭಾನುವಾರ ಯಾವಾಗಲೂ ಕೊನೇ ಬಯಲಿನ ಸರದಿ. ಅವಳು ದೇವಾಲಯದಲ್ಲಿ ಮೊಣಕಾಲೂರಿರುವಾಗ ನೀರು ತನ್ನ ಪಾಡಿಗೆ ತಾನು ನಡೆಯುತ್ತಿರುತ್ತದೆ. ಇಬ್ಬರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತಲುಪುತ್ತಾರೆ.

ಪಟ್ಟಲಮ್ಮ ಈ ಊರಿನ ನೀರುಗಂಟಿ. ಕೆರೆಯ ನೀರನ್ನು ಗದ್ದೆಗದ್ದೆಗೆ ಹಂಚುವವಳು. ಗಂಡ ದೊಡ್ಡಸಿದ್ದಯ್ಯ ಮಾಡುತ್ತಿದ್ದ ಕೆಲಸ, ಅವನಪ್ಪ ಮಾಡುತ್ತಿದ್ದ ಕೆಲಸ. ಆರು ವರ್ಷದ ಹಿಂದೆ ದೊಡ್ಡಸಿದ್ದಯ್ಯ ಎದೆ ಹಿಡಿದುಕೊಂಡು ಏರಿಯ ಮೇಲೆ ಕುಳಿತವನು ಏಳಲಿಲ್ಲ. ಮಗ ಪ್ರಸನ್ನನಿಗೆ ವಿ.ಸಿ. ಫಾರಂ ಎಂಬ ಕೃಷಿ ಕೇಂದ್ರದಲ್ಲಿ ಕೂಲಿ ಕೆಲಸ, ತಿಂಗಳಿಗೊಮ್ಮೆ ಬಂದು ಹೋಗುವವನು. ನೀರಿನ ಕೆಲಸ ಬೇರೆ ಯಾರ ಕೈಗಾದರೂ ಹೋಗುತ್ತದೆಂದು ಊರು ಮಾತಾಡಿಕೊಳ್ಳುತ್ತಿರುವಾಗ, ಗಂಡನನ್ನು ಮಣ್ಣುಮಾಡಿದ ಹನ್ನೆರಡನೇ ದಿನ ಪಟ್ಟಲಮ್ಮ ಅವನ ಸನಿಕೆಯನ್ನು ಹೆಗಲಿಗೇರಿಸಿ ತೂಬಿನ ಹತ್ತಿರ ಬಂದು ನಿಂತಿದ್ದಳು. ಮೂವತ್ತು ವರ್ಷ ಅವನಿಗೆ ಬುತ್ತಿ ಹೊತ್ತು ತಂದವಳು. ಯಾವ ತಿರುವಿನಲ್ಲಿ ನಳ್ಳಿಗಳು ಬಿಲ ಕೊರೆಯುತ್ತವೆ, ಯಾರ ಗದ್ದೆ ಎಷ್ಟು ಕುಡಿಯುತ್ತದೆ, ಎಲ್ಲ ಗೊತ್ತಿತ್ತು.

ಆ ಮನೆಯವರು ಅಜ್ಜನ ಕಾಲದಿಂದ ಕ್ರೈಸ್ತರು. ಮದುವೆಯಾಗಿ ಬಂದಾಗ ಪಟ್ಟಲಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಸತ್ಯವೇದವನ್ನು ತೊಡೆಯ ಮೇಲಿಟ್ಟುಕೊಂಡು, ಅಕ್ಕಿ ಆರಿಸಿದ ಹಾಗೆ ಒಂದೊಂದೇ ಅಕ್ಷರ ಆರಿಸಿ ಕಲಿಸಿದವಳು ಅತ್ತೆ. ಹಾಗಾಗಿ ಪಟ್ಟಲಮ್ಮ ಓದಿದ ಮೊದಲ ಪುಸ್ತಕವೂ ಅದೇ, ಕೊನೆಯದೂ ಅದೇ. ದೀಕ್ಷಾಸ್ನಾನದ ದಿನ ಆಗಿನ ಸಭಾಪಾಲಕರು ಬೇರೆ ಹೆಸರಿಡೋಣವೇ ಎಂದು ಕೇಳಿದ್ದರಂತೆ.

"ಬ್ಯಾಡಿ ಸ್ವಾಮಿ. ನಮ್ಮವ್ವ ಕರ್ದ ಎಸ್ರಿಗೆ ಓಗೊಟ್ಟು ಅಭ್ಯಾಸ. ನಾಳೆ ದೇವ್ರು ಬ್ಯಾರೆ ಎಸ್ರಲ್ಲಿ ಕರುದ್ರೆ ನಾನು ಯಾರ್ನೋ ಕರೀತಾವ್ನೆ ಅಂತ ಸುಮ್ಕಿದ್ದುಬುಟ್ರೆ?"

ಸಭಾಪಾಲಕರು ನಕ್ಕು ಅದೇ ಹೆಸರಿಗೆ ನೀರು ಹಾಕಿದರು.

ಓದಿದ್ದನ್ನು ಅವಳು ಬೇರೆಯವರಿಗೆ ಹೇಳುವುದು ಕಡಿಮೆ. ಓದಿ, ಪುಸ್ತಕ ಮುಚ್ಚಿ, ಅದನ್ನು ಗದ್ದೆಗೆ ತೆಗೆದುಕೊಂಡು ಹೋಗುತ್ತಾಳೆ. ಹೌದು ಎಂದರೆ ಹೌದಾಗಿರಬೇಕು, ಇಲ್ಲ ಎಂದರೆ ಇಲ್ಲವಾಗಿರಬೇಕು ಎಂದು ಓದಿದಳು. ಅಂದಿನಿಂದ "ನಾಳೆ ನೀರು ಬತ್ತದಾ ಪಟ್ಲಕ್ಕ?" ಎಂದು ಕೇಳಿದವರಿಗೆ ಬತ್ತದೆ, ಇಲ್ಲವೇ ಬರಕ್ಕಿಲ್ಲ. 'ನೋಡಾನ' ಎಂಬ ಮಾತು ಅವಳ ಬಾಯಲ್ಲಿ ಸತ್ತುಹೋಯಿತು. ಮಾಡುವುದನ್ನು ಬೆಳಕಿನಲ್ಲಿ ಮಾಡಬೇಕು ಎಂದು ಓದಿದಳು. ಮದ್ದೂರಿನ ಗುಜರಿ ಅಂಗಡಿಯಿಂದ ರೈಲುಕಂಬಿಯ ತುಂಡು ತರಿಸಿ ಮರಕ್ಕೆ ಕಟ್ಟಿದಳು. ಅದಕ್ಕೆ ಮೊದಲು ನೀರು ಯಾವಾಗ ಯಾರಿಗೆ ಹೋಗುತ್ತದೆಂಬುದು ನೀರುಗಂಟಿಗೆ ಗೊತ್ತಿರುತ್ತಿತ್ತು, ಹಿಂದಿನ ದಿನ ಅವನಿಗೆ ಕೋಳಿ ಕುಯ್ದವರಿಗೆ ಗೊತ್ತಿರುತ್ತಿತ್ತು. ಹೊಲದ ಮೂಲೆಗಳನ್ನು ಕುಯ್ಯದೆ ಇಲ್ಲದವರಿಗೆ ಬಿಡಬೇಕು ಎಂದು ಓದಿದಳು. ನೀರುಗಂಟಿಯ ಕೆಲಸಕ್ಕೆಂದು ಊರು ಬಿಟ್ಟುಕೊಟ್ಟ ಇಪ್ಪತ್ತು ಗುಂಟೆ ಗದ್ದೆ ತೂಬಿನ ಕೆಳಗೇ ಇದೆ. ಅದರ ನಾಲ್ಕು ಮೂಲೆಯ ಬತ್ತ ಆರು ವರ್ಷದಿಂದ ಮುದುಕಿ ಚಿಕ್ಕಬೋರಮ್ಮನದು. "ಮೂಲೆ ವಸಿ ದೊಡ್ದು ಮಾಡಮ್ಮಿ" ಎಂದು ಅವಳು ದಬಾಯಿಸಿ ಕೇಳುತ್ತಾಳೆ, ಹಕ್ಕಿನವಳ ಹಾಗೆ.

ಕೊನೆಯವರು ಮೊದಲಾಗುವರು ಎಂಬ ಮಾತನ್ನು ಓದಿದ ಮೇಲಂತೂ ಊರೇ ತಲೆ ಕೆಡಿಸಿಕೊಂಡಿತು. ಕೊನೇ ಗದ್ದೆಗೆ ಮೊದಲ ನೀರು ಎಂದಳು ಪಟ್ಟಲಮ್ಮ. ನೀರು ಬಳಸುವವರ ಸಂಘದ ಅಧ್ಯಕ್ಷ ಶಿವರಾಜು ಬೈಕು ನಿಲ್ಲಿಸಿ ಏರಿ ಹತ್ತಿ ಬಂದಿದ್ದ.

"ಇದ್ಯಾವ ಕಾನೂನು ಪಟ್ಲಕ್ಕ? ಲೋಕದಲ್ಲೆಲ್ಲಾ ತೂಬಿನ ತಾವಿಂದ ಕೆಳಿಕೆ ಕೊಟ್ಕಂಡು ಓಯ್ತಾರೆ."

"ಕೊಟ್ಕಂಡು ಓಗಿ ಓಗಿ, ಕೊನೇರ್ಗೆ ಏನು ಮಿಕ್ತದೆ ಏಳಪ್ಪ?"

"ಅದು ಅವ್ರ ಅಣೆಬರ."

"ಅಣೆಬರ ಅಲ್ಲ ಕಣಪ್ಪ, ನಮ್ಮ ಸನಿಕೆ ಬರ. ಒಂದು ವರ್ಸ ನೋಡು. ಸರಿಬರ್ದಿದ್ರೆ ಸನಿಕೆ ನೀನೇ ಇಟ್ಕೊ."

ಒಂದು ವರ್ಷ ನೋಡಿದರು. ಕೊನೇ ಬಯಲಿನವರು ಕದ್ದು ಕಾಲುವೆ ಒಡೆಯುವುದು ನಿಂತಿತು. ಇನ್ನೊಂದೂ ಆಯಿತು. ಒಮ್ಮೆ ತುದಿಯವರೆಗೆ ಕಾಲುವೆ ನೆಂದುಬಿಟ್ಟರೆ, ಆಮೇಲಿನ ಸರದಿಗಳ ನೀರು ಮಣ್ಣಿಗೆ ಇಂಗದೆ ಬಿರಬಿರನೆ ಗದ್ದೆ ಸೇರುತ್ತದೆ. ಶಿವರಾಜು ಮತ್ತೆ ಆ ಮಾತೆತ್ತಲಿಲ್ಲ. ಸನಿಕೆ ಅವಳ ಹೆಗಲ ಮೇಲೇ ಉಳಿಯಿತು.

ಹಾಗೆ ನಡೆಯುತ್ತಿದ್ದ ಕೊನೇ ಬಯಲಿಗೆ ಹೋದ ವರ್ಷ ತಿಮ್ಮಯ್ಯ ಬಂದ.

ತಿಮ್ಮಯ್ಯ ತಲೆ ಬಯಲಿನ ಮನುಷ್ಯ. ಅರವತ್ತೈದು ವರ್ಷ ತೂಬಿನ ಮಗ್ಗುಲಲ್ಲೇ ಗದ್ದೆ ಮಾಡಿದವನು. ರಸ್ತೆ ಅಗಲ ಮಾಡುವಾಗ ಆ ಜಮೀನೆಲ್ಲ ಹೋಯಿತು. ಉಣ್ಣುವ ಬತ್ತವನ್ನು ಅಂಗಡಿಯಿಂದ ತರುವುದು ತನ್ನ ಮನೆಗೆ ಒಪ್ಪುವುದಿಲ್ಲವೆಂದು ಹಟ ಹಿಡಿದು, ಕೊಳ್ಳಲು ಸಿಕ್ಕಿದ್ದು ಅದೊಂದೇ ಎಂದು, ಕೊನೇ ಬಯಲಿನ ತುದಿಯ ಇಪ್ಪತ್ತು ಗುಂಟೆ ಗದ್ದೆ ಕೊಂಡ. ಅಂದರೆ ಪಟ್ಟಲಮ್ಮನ ಕಟ್ಟಳೆಯಂತೆ ಊರಿನ ಮೊದಲ ನೀರು ಈಗ ತಿಮ್ಮಯ್ಯನಿಗೆ.

ಊರಿಗೆ ಊರೇ ಕಣ್ಣರಳಿಸಿಕೊಂಡು ಕಾದದ್ದು ಅದಕ್ಕೆ. ಯಾಕೆಂದರೆ ದೊಡ್ಡಸಿದ್ದಯ್ಯನನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಹೆಗಲು ಕೊಟ್ಟು ಹೊರಟ ದಿನ ಅದನ್ನು ತಡೆದವನು ಈ ತಿಮ್ಮಯ್ಯ. ಸಮಾಧಿಗೆ ಹೋಗುವ ಹತ್ತಿರದ ದಾರಿ ಅವನ ಕಬ್ಬಿನ ಗದ್ದೆಯ ತೆವರಿಯ, ಅಂದರೆ ಬದುವಿನ, ಮೇಲೆ ಹಾಯುತ್ತಿತ್ತು. "ಬೆಳೆ ನಿಂತದೆ. ಎಣ ಇತ್ಲಾಗೆ ಬರದು ಬ್ಯಾಡ" ಎಂದು ಅವನು ಕೋಲು ಅಡ್ಡ ಹಿಡಿದು ನಿಂತಿದ್ದ. ಮೂವತ್ತು ವರ್ಷ ಅದೇ ತೆವರಿಯ ಮೇಲೆ ಓಡಾಡಿ ಅವನ ಕಬ್ಬಿಗೆ ನೀರು ಕಟ್ಟಿದ್ದವನ ಹೆಣ. ಮೇ ತಿಂಗಳ ಬಿಸಿಲಿನಲ್ಲಿ ಏರಿ ಸುತ್ತಿಕೊಂಡು ಜಾಲಿಮುಳ್ಳಿನ ನಡುವೆ ಮೂರು ಮೈಲಿ ಹೊತ್ತರು. ದಾರಿಯಲ್ಲಿ ನಾಲ್ಕು ಸಲ ಪೆಟ್ಟಿಗೆ ಇಳಿಸಬೇಕಾಯಿತು. ಆ ನಾಲ್ಕು ಜಾಗಗಳನ್ನು ಪಟ್ಟಲಮ್ಮ ಈಗಲೂ ತೋರಿಸಬಲ್ಲಳು. ತೋರಿಸುವುದಿಲ್ಲ.

ಹೋದ ವರ್ಷ ನೀರು ಧಾರಾಳವಾಗಿತ್ತು, ಯಾರಿಗೂ ಯಾರ ಹಂಗೂ ಬೇಕಾಗಲಿಲ್ಲ. ಈ ಸಲ ಕೆರೆಗೆ ನಾಲೆಯ ನೀರು ಬಂದದ್ದೇ ಕಡಿಮೆ. ಬತ್ತ ಹೊಡೆ ಕಟ್ಟುವ ಹೊತ್ತು, ತೆನೆ ಇನ್ನೂ ಗರಿಯೊಳಗೆ ಬಸಿರಾಗಿದೆ. ಇನ್ನೊಂದೇ ಒಂದು ನೀರು ಬಿದ್ದರೆ ಕಾಳು, ಇಲ್ಲದಿದ್ದರೆ ಜೊಳ್ಳು. ಪಟ್ಟಲಮ್ಮ ಅಳತೆಕೋಲು ಇಳಿಬಿಟ್ಟು ನೋಡಿ, ಎಲ್ಲರಿಗೂ ಒಂದೊಂದು ಸರದಿ ಸಾಕಾಗುತ್ತದೆ, ಮಿಗುವುದಿಲ್ಲ ಎಂದು ಶನಿವಾರವೇ ಹೇಳಿದ್ದಳು.

ಭಾನುವಾರ ಮೂರು ಪೆಟ್ಟು ತಿಮ್ಮಯ್ಯನಿಗೂ ಕೇಳಿಸಿತು. ಅವನು ನಂಬಲಿಲ್ಲ.

ಮಳವಳ್ಳಿಯ ದೇವಾಲಯದಲ್ಲಿ ಪಟ್ಟಲಮ್ಮ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂರುತ್ತಾಳೆ. ಪ್ರಸಂಗ ನಡೆಯುವಾಗ ಅವಳ ಮನಸ್ಸಿನ ಅರ್ಧ ಕಾಲುವೆಯ ಉದ್ದಕ್ಕೂ ನಡೆಯುತ್ತಿರುತ್ತದೆ. ಈಗ ಹುಣಸೆಮರದ ತಿರುವು. ಈಗ ಕಲ್ಲುಮೋರಿ. ಅದು ಪಾಪವೇ ಎಂದು ಒಮ್ಮೆ ಸಭಾಪಾಲಕರನ್ನು ಕೇಳಿದ್ದಳು. ಕುರುಬ ಕುರಿಯನ್ನು ನೆನೆಯುವುದು ಪಾಪವಾದರೆ ಅದೂ ಪಾಪ ಎಂದು ಅವರು ಹೇಳಿದ ಮೇಲೆ ನಿಶ್ಚಿಂತೆಯಾಗಿ ನಡೆಯುತ್ತಾಳೆ.

ಅಂದು ಹನ್ನೆರಡಕ್ಕೆ ಊರಿನಲ್ಲಿ ಇಳಿಯಲೆಂದು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಾಗಲೇ ಅವಳಿಗೆ ಗೊತ್ತಾಯಿತು. ವರ್ಷಕ್ಕೆ ಒಂಬತ್ತು ತಿಂಗಳು ಒಣಗಿರುವ ಹಳ್ಳದಲ್ಲಿ ನೀರಿನ ಸದ್ದು. ದೇವಾಲಯದ ಬಿಳಿ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಐವತ್ತೆಂಟರ ಪಟ್ಟಲಮ್ಮ ಓಡಿದಳು.

ಹುಣಸೆಮರದ ತಿರುವಿನಲ್ಲಿ ಕಾಲುವೆಯ ದಂಡೆ ಎತ್ತಿನಗಾಡಿ ಹೋಗುವಷ್ಟು ಅಗಲಕ್ಕೆ ಕಿತ್ತುಹೋಗಿತ್ತು. ಕೆರೆಯ ನೀರು ಕೆಂಪಗೆ ಹಳ್ಳಕ್ಕೆ ಬೀಳುತ್ತಿತ್ತು. ನಡುವೆ ಎದೆಯವರೆಗೆ ಕೆಸರಾಗಿ, ಗೊಬ್ಬರದ ಚೀಲವೊಂದನ್ನು ಒಡಕಿಗೆ ಒತ್ತಿಕೊಂಡು ತಿಮ್ಮಯ್ಯ ನಿಂತಿದ್ದ. ಚೀಲಕ್ಕಿಂತ ಅವನೇ ಹೆಚ್ಚು ನೀರು ತಡೆದಿದ್ದ.

"ಬಂದ್ಯಾ! ಮೂರು ಒಡುದ್ಬುಟ್ಟು ಬಸ್ಸತ್ಕಂಡು ಓದೆ. ಒಂಬತ್ತೂವರೆಗಂಟ ಕಾದೆ ಕಣೇ ಪಟ್ಲಿ, ಒಂದು ತೊಟ್ಟು ಬರ್ನಿಲ್ಲ! ಬಂದು ನೋಡುದ್ರೆ ಎಲ್ಡು ಸುತ್ತು ಬುಟ್ಟಿದೀಯೆ. ಬೆಕ್ಕು ನೆಕ್ಕೋಕೆ ಸಾಲ್ದು. ನಂಗೊತ್ತಿಲ್ವಾ ನಿನ್ನ ಮಸಲತ್ತು?"

"ಎಷ್ಟು ತಿರುಗಿಸ್ದಿರಿ ಗೌಡ್ರೇ?"

"ಎಷ್ಟು ತಿರುಗ್ತದೋ ಅಷ್ಟೂವೆ."

ಪಟ್ಟಲಮ್ಮ ಅರೆಗಳಿಗೆ ಅವನ ಮುಖ ನೋಡಿದಳು. ಆಗ ಅವಳಿಗೆ ಅರ್ಥವಾಯಿತು. ಈ ಮನುಷ್ಯನಿಗೆ ನೀರಿನ ನಡಿಗೆ ಗೊತ್ತಿಲ್ಲ. ಹುಟ್ಟಿದಂದಿನಿಂದ ತೂಬು ತಿರುಗಿದ ಕೂಡಲೇ ಗದ್ದೆ ತುಂಬುವುದನ್ನು ಕಂಡವನು. ಎರಡು ಮೈಲಿ ಒಣಗಿದ ಕಾಲುವೆಯಲ್ಲಿ ನೀರು ಅಂಬೆಗಾಲಿಟ್ಟು ಬರುತ್ತದೆ, ಅದಕ್ಕೆ ಕಾಯಬೇಕು, ಅವಸರಪಡಿಸಿದರೆ ಬಿರಿದ ಮಣ್ಣು ಬಾಯ್ದೆರೆದು ದಂಡೆ ಕೀಳುತ್ತದೆ ಎಂಬುದು ಕೊನೇ ಬಯಲಿನ ಕೂಸಿಗೂ ತಿಳಿದ ವಿಷಯ. ಊರಿಗೆ ದೊಡ್ಡವನಾದ ತಿಮ್ಮಯ್ಯನಿಗೆ ತಿಳಿಯದು.

ಅವಳು ಏರಿಗೆ ಹೋಗಿ ತೂಬು ಮುಚ್ಚಿ, ಸನಿಕೆ ತಂದು, ಒಡಕಿಗಿಳಿದಳು. ಇಬ್ಬರೂ ಸೇರಿ ಹುಲ್ಲು ಮಣ್ಣು ತುಳಿದು ಕಟ್ಟಿದರು. ಅಳತೆಕೋಲಿನಲ್ಲಿ ನೀರು ಒಂದು ಬೆರಳು ಇಳಿದಿತ್ತು. ಒಂದು ಗದ್ದೆಯ ಸರದಿಯಷ್ಟು ನೀರು ಹಳ್ಳದ ಪಾಲಾಗಿತ್ತು.

ನಾಲ್ಕು ಗಂಟೆಗೆ ಅರಳಿಕಟ್ಟೆಯ ಮೇಲೆ ಸಂಘ ಸೇರಿತು. ತಿಮ್ಮಯ್ಯ ಮುಚ್ಚಿಡಲಿಲ್ಲ. "ನಾನೇ ತಿರುಗ್ಸಿದ್ದು" ಎಂದ. ಒಬ್ಬಿಬ್ಬರು ಪಟ್ಟಲಮ್ಮನ ಕಡೆಗೂ ತಿರುಗಿದರು. ನೀರು ಬಿಟ್ಟು ಪ್ರಾರ್ಥನೆಗೆ ಹೋದರೆ ಹೀಗಾಗದೆ ಏನು, ತಿರುಪಿಗೆ ಒಂದು ಬೀಗವಾದರೂ ಬೇಡವೇ ಎಂದರು.

"ಬೀಗ ಆಕುದ್ರೆ ಊರ್ನೆಲ್ಲಾ ಕಳ್ರು ಅಂದಂಗಾಯ್ತದೆ" ಎಂದಳು ಪಟ್ಟಲಮ್ಮ. "ಇವತ್ತಿಂದು ನನ್ ತಪ್ಪೇ ಅನ್ನಿ, ಒಪ್ಕತೀನಿ. ಬೀಗ ಮಾತ್ರ ಬ್ಯಾಡ."

ಶಿವರಾಜು ಗಂಟಲು ಸರಿಮಾಡಿಕೊಂಡ. "ತಪ್ಪು ಯಾರ್ದು ಅಂತ ಗೊತ್ತಾಯ್ತು. ನೀರು ಕೆಡಿಸ್ದೋನ್ಗೆ ಸರದಿ ಇಲ್ಲ. ಇದು ಅಜ್ಜನ ಕಾಲದ ಕಟ್ಟು, ನಾನು ಮಾಡಿದ್ದಲ್ಲ. ಒಂದು ಸರದಿ ನೀರು ಓಯ್ತು, ಒಂದು ಸರದಿ ಬಿಟ್ರೆ ಮಿಕ್ಕೋರ್ಗೆಲ್ಲಾ ಸರಿಯಾಯ್ತದೆ. ಏನಂತೀಯ ಪಟ್ಲಕ್ಕ?"

ಎಲ್ಲರೂ ಅವಳನ್ನೇ ನೋಡಿದರು. ತಿಮ್ಮಯ್ಯ ನೋಡಲಿಲ್ಲ. ಕೆಸರು ಒಣಗಿ ಬಿರುಕುಬಿಟ್ಟ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

"ಕಟ್ಟು ಕಟ್ಟೇ" ಎಂದಳು ಪಟ್ಟಲಮ್ಮ.

ಮನೆಗೆ ನಡೆಯುವಾಗ ಅವಳ ಬಾಯಲ್ಲಿ ಏನೋ ಸಿಹಿಯಾಗಿತ್ತು. ಅಚ್ಚುಬೆಲ್ಲದ ಚೂರೊಂದನ್ನು ದವಡೆಗೆ ಒತ್ತಿಟ್ಟುಕೊಂಡ ಹಾಗೆ, ನಡೆದಷ್ಟೂ ಕರಗುತ್ತ. ನ್ಯಾಯ ನ್ಯಾಯವೇ. ನಾನೇನೂ ಮಾಡಲಿಲ್ಲ. ಕೋಲು ಅಡ್ಡ ಹಿಡಿದವನ ಗದ್ದೆ ಅದರಷ್ಟಕ್ಕೆ ಒಣಗುತ್ತದೆ. ಮನೆಯ ಹೊಸ್ತಿಲಿಗೆ ಬರುವಷ್ಟರಲ್ಲಿ ಆ ಸಿಹಿಗೇ ಅವಳಿಗೆ ಹೆದರಿಕೆಯಾಯಿತು.

ದೀಪ ಹಚ್ಚುವ ಹೊತ್ತಿಗೆ ಸೊಸೆ ಶಶಿರೇಖಾ ಸತ್ಯವೇದ ತೆಗೆದು ಕೂತಳು. ಅತ್ತೆಯ ಕಣ್ಣು ಮಂಜಾದ ಮೇಲೆ ಸಂಜೆಯ ಓದು ಅವಳದು. ಮಳವಳ್ಳಿಯ ಗಾರ್ಮೆಂಟ್ಸಿನಲ್ಲಿ ವಾರವೆಲ್ಲ ಹೊಲಿಯುವ ಹುಡುಗಿ, ಬಾಯಿ ಕತ್ತರಿಯ ಹಾಗೆ.

"ಎಲ್ಲಿಂದ ಓದ್ಲಿ ಅತ್ತೆ?"

"ಬಸ್ಸಿನ ಟಿಕೀಟು ಸಿಕ್ಸಿದ್ದೀನಲ್ಲ, ಅಲ್ಲಿಂದ."

ಶಶಿರೇಖಾ ಪುಟ ಬಿಡಿಸಿ, ನೋಡಿ, ಮುಚ್ಚಿದಳು. ಆ ಟಿಕೀಟು ಅಲ್ಲಿ ಬಂದು ಎಷ್ಟು ದಿನವಾಯಿತೆಂದು ಅವಳಿಗೂ ಗೊತ್ತಿತ್ತು. ಗಂಡ ಸತ್ತ ವರ್ಷ ಪಟ್ಟಲಮ್ಮ ತಾನೇ ಓದುತ್ತ ಓದುತ್ತ ಆ ಪುಟಕ್ಕೆ ಬಂದು, ಪುಸ್ತಕ ಮುಚ್ಚಿ, ಒಂದು ವಾರ ಮುಟ್ಟಿರಲಿಲ್ಲ. ಆಮೇಲೆ ಆ ಪುಟ ಬಿಟ್ಟು ಮುಂದಕ್ಕೆ ಓದಿದ್ದಳು. ಟಿಕೀಟು ಅಲ್ಲೇ ಇತ್ತು.

"ಪೌಲ ಯಾವ್ದೋ ಊರೋರ್ಗೆ ಬರ್ದ ಕಾಗದ ಅತ್ತೆ ಇದು. ಮಾವಿನದೊಡ್ಡಿಗಲ್ಲ."

"ಓದಮ್ಮಿ."

"ತಿಮ್ಮಯ್ಯನ ಎಸ್ರು ಇದ್ರಲ್ಲಿಲ್ಲ."

"ವೈರಿ ಅಂತ ಅದಲ್ಲ, ಸಾಕು. ಓದು."

ಶಶಿರೇಖಾ ಓದಿದಳು. ವೈರಿ ಹಸಿದಿದ್ದರೆ ಉಣ್ಣಲು ಕೊಡು, ಬಾಯಾರಿದ್ದರೆ ನೀರು ಕೊಡು ಎಂಬಲ್ಲಿಗೆ ಬಂದು ಅವಳ ದನಿ ತಾನಾಗಿ ಇಳಿಯಿತು. ಮುಂದಿನ ಮಾತು, ಹಾಗೆ ಮಾಡಿದರೆ ಅವನ ತಲೆಯ ಮೇಲೆ ಕೆಂಡ ಸುರಿದಂತಾಗುವುದು ಎಂಬುದು.

"ಆ ಕೆಂಡದ್ದೊಂದು ನಂಗೆ ಭಾಳ ಇಷ್ಟ ಆಯ್ತು ಕಣಮ್ಮಿ ಆವಾಗ" ಎಂದಳು ಪಟ್ಟಲಮ್ಮ. "ಸಭಾಪಾಲಕರನ್ನ ಕೇಳ್ದೆ. ಅದು ಇಷ್ಟಪಡೋಕೆ ಬರ್ದಿರದಲ್ಲ, ನಾಚಿಕೆ ಅಂತ ಅರ್ಥ ಅಂದ್ರು. ಅದ್ಕೇ ಮುಚ್ಚಿಟ್ಟೆ."

"ಈಗೇನು? ಕಟ್ಟು ಕಟ್ಟೇ ಅಂದ್ಬುಟ್ಟು ಬಂದಿದೀರಲ್ಲ. ಅವ್ನಿಗೆ ನೀರು ಬುಟ್ರೆ ಬ್ಯಾರೇರ ಪಾಲಿಂದು ಕಿತ್ತು ಕೊಡ್ಬೇಕು. ಊರೋರ ನೀರಲ್ಲಿ ನೀವು ಪುಣ್ಯ ಮಾಡ್ಕತೀರಾ?"

ಪಟ್ಟಲಮ್ಮ ಒಲೆಗೆ ಇನ್ನೊಂದು ಸೌದೆ ನೂಕಿದಳು. ಒಲೆಯ ಮೇಲೆ ಮುದ್ದೆಯ ಎಸರು ಕುದಿಯುತ್ತಿತ್ತು. ಆಮೇಲೆ, "ನೀನು ಏಳಿದ್ದು ಸರಿ ಕಣಮ್ಮಿ" ಎಂದಳು. "ಊರೋರ ನೀರು ಮುಟ್ಟಂಗಿಲ್ಲ. ನಂದೊಂದು ಸರದಿ ಅದಲ್ಲ?"

ಶಶಿರೇಖಾ ಪುಸ್ತಕದಿಂದ ತಲೆಯೆತ್ತಿದಳು. ವರ್ಷದ ಅನ್ನದ ಬತ್ತ, ಹೊಡೆ ಕಟ್ಟಿ ನಿಂತ ಗದ್ದೆ. ಅತ್ತೆಯ ಮುಖದಲ್ಲಿ ಗೆದ್ದವಳ ಕಳೆಯೇನೂ ಇರಲಿಲ್ಲ. ನೋವಿನ ಹಲ್ಲು ಕೀಳಿಸಲು ಹೊರಟವಳ ಹಾಗಿತ್ತು. ಹುಡುಗಿ ಟಿಕೀಟನ್ನು ತೆಗೆದು ಮುಂದಿನ ಪುಟಕ್ಕೆ ಸಿಕ್ಕಿಸಿ, ಎದ್ದು ಎಸರಿಗೆ ಹಿಟ್ಟು ಹಾಕಲು ಹೋದಳು.

"ರಾಗಿ ಅದಲ್ಲ ಬುಡಿ" ಎಂದಳು ಅಲ್ಲಿಂದಲೇ.

ಸೋಮವಾರ ಬೆಳಿಗ್ಗೆ ಏರಿಯ ಮೇಲೆ ಟಣ್ ಎಂದಿತು. ಟಣ್ ಎಂದಿತು. ಊರು ಎರಡಕ್ಕೆ ನಿಲ್ಲುತ್ತದೆಂದು ಎಣಿಸುತ್ತಿರುವಾಗ ಮೂರನೆಯದೂ ಬಿತ್ತು. ಶಿವರಾಜು ಬನಿಯನ್ನಿನಲ್ಲೇ ಬೈಕು ಏರಿ ಬಂದ.

"ಏನ್ ಪಟ್ಲಕ್ಕ, ತಲೆ ಗಿಲೆ ಕೆಟ್ಟದಾ? ತಿಮ್ಮಯ್ಯಂಗೆ ಸರದಿ ಇಲ್ಲ ಅಂತ ನೀನೇ ಅಂದೆ!"

"ಅವ್ರ ಸರದಿ ಓಯ್ತು. ಅದರಲ್ಲಿ ಒಂದು ತೊಟ್ಟೂ ನಾನು ಬುಟ್ಟಿಲ್ಲ. ಇದು ನನ್ ಸರದಿ."

"ನಿನ್ ಗದ್ದೆ ಇಲ್ಲೇ ಕಾಲ್ಬುಡದಲ್ಲದೆ!"

"ನನ್ ಸರದಿ ನೀರ ನಾನು ಯಾವ ಗದ್ದೆಗಾರ ಬುಟ್ಕತೀನಿ. ಬ್ಯಾಡ ಅಂತ ಅಜ್ಜನ ಕಾಲದ ಕಟ್ಟಲ್ಲಿ ಎಲ್ಲಾರ ಅದಾ, ಏಳು."

ಶಿವರಾಜು ತಲೆ ಕೆರೆದುಕೊಂಡು ಅಜ್ಜನ ಕಾಲವನ್ನೆಲ್ಲ ಹುಡುಕಿದ. ಎಲ್ಲೂ ಇರಲಿಲ್ಲ. ಅಂಥ ಕಟ್ಟು ಬೇಕಾಗಬಹುದೆಂದು ಯಾವ ಅಜ್ಜನಿಗೂ ತೋಚಿರಲಿಲ್ಲ.

ಹುಲ್ಲು ಕುಯ್ಯಲು ಬಂದಿದ್ದ ಚಿಕ್ಕಬೋರಮ್ಮ ತೆವರಿಯ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಅಂಗಾರೆ ಈ ವರ್ಸ ನನ್ನ ಮೂಲೆ ಓಯ್ತಾ?"

ಪಟ್ಟಲಮ್ಮನ ಕೈ ತಿರುಪಿನ ಮೇಲೆ ನಿಂತಿತು. ಇದೊಂದನ್ನು ಅವಳು ಲೆಕ್ಕಕ್ಕೆ ತಂದುಕೊಂಡಿರಲಿಲ್ಲ. "ಓಯ್ತು ಕಣವ್ವ. ನಿನ್ನ ಕೇಳ್ದೆ ಕೊಟ್ಬುಟ್ಟೆ. ತಪ್ಪಾಯ್ತು. ನಮ್ಮ ರಾಗಿಲಿ ನಿಂಗೆ ಪಾಲು."

"ಓಗ್ಲಿ ಬುಡು, ನನ್ ಬಾಯಲ್ಲಿ ಅಲ್ಲೂ ಉದ್ರೋಗವೆ" ಎಂದು ಮುದುಕಿ ಮತ್ತೆ ಹುಲ್ಲಿಗೆ ಬಗ್ಗಿದಳು. ಬಗ್ಗಿಕೊಂಡೇ, "ದೊಡ್ಡಸಿದ್ದ ಇದ್ದಿದ್ರೂ ಇದ್ನೇ ಮಾಡೋನು" ಎಂದಳು.

ಎರಡು ಸುತ್ತು. ಹಗ್ಗದಷ್ಟು ನೀರು. ಪಟ್ಟಲಮ್ಮ ಸನಿಕೆ ಹಿಡಿದು ನೀರಿನ ಮುಂದೆ ನಡೆದಳು. ಹೊಸದಾಗಿ ಕಟ್ಟಿದ ದಂಡೆಗೆ ಅದನ್ನು ಒಂಟಿಯಾಗಿ ಬಿಡುವಂತಿರಲಿಲ್ಲ. ನಳ್ಳಿಯ ಬಿಲ ಕಂಡಲ್ಲಿ ಹುಲ್ಲು ತುರುಕಿ ತುಳಿದಳು. ನೀರು ಅವಳ ಹಿಮ್ಮಡಿಯನ್ನು ಮುಟ್ಟುತ್ತ, ಹಿಂದೆ ಬೀಳುತ್ತ, ಮತ್ತೆ ಬಂದು ಮುಟ್ಟುತ್ತ, ನಡೆಯಲು ಕಲಿಯುವ ಮಗುವಿನ ಹಾಗೆ ಅವಳ ಬೆನ್ನಿಗೇ ಬಂತು. ತಿರುಗಿ ತನ್ನ ಗದ್ದೆಯ ಕಡೆ ಅವಳು ಒಮ್ಮೆ ನೋಡಿದಳು. ಹೊಡೆ ಕಟ್ಟಿದ ಹಸಿರು ಗಾಳಿಗೆ ಒರಗಿ ಎದ್ದಿತು. ಮತ್ತೆ ಕಾಲುವೆಗೆ ಬಗ್ಗಿ, ಮುಂದಿನ ಬಿಲಕ್ಕೆ ಹುಲ್ಲು ಕಿತ್ತಳು. ಹುಣಸೆಮರ ದಾಟಿತು. ಕಲ್ಲುಮೋರಿ ದಾಟಿತು. ನಿನ್ನೆ ದೇವಾಲಯದ ಬೆಂಚಿನ ಮೇಲೆ ಕೂತು ನಡೆದ ದಾರಿಯನ್ನೇ ಇಂದು ಕಾಲಿನಿಂದ ನಡೆಯುತ್ತಿದ್ದಳು.

ಕೊನೇ ಗದ್ದೆಯ ಬಾಯಲ್ಲಿ ತಿಮ್ಮಯ್ಯ ನಿಂತಿದ್ದ. ಯಾರೋ ಸುದ್ದಿ ಮುಟ್ಟಿಸಿದ್ದರು. ಯಾವಾಗಿನಿಂದ ನಿಂತಿದ್ದನೋ, ಪಂಚೆಯ ಅಂಚು ಇಬ್ಬನಿಗೆ ನೆಂದು ಒಣಗಿತ್ತು. ತಿರುವಿನಲ್ಲಿ ಅವನಿಗೆ ಮೊದಲು ಅವಳು ಕಂಡಳು, ಆಮೇಲೆ ಅವಳ ಕಾಲ ಹತ್ತಿರ ಮಿಣುಗುವ ನೀರು.

ಅವನು ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಇಷ್ಟು ನಿದಾನ ಬತ್ತದೆ ಅಂತ ನಂಗೊತ್ತಿರ್ನಿಲ್ಲ" ಎಂದ. "ಯಾರೂ ಏಳಿರ್ನಿಲ್ಲ."

"ತಲೆ ಬಯಲೋರ್ಗೆ ಯಾರು ಏಳ್ತಾರೆ ಗೌಡ್ರೇ. ಬಾಯಿ ಬುಡ್ಸಿ, ನ್ಯಾರವಾಗಿ."

ಅವನು ಬಗ್ಗಿ ಗದ್ದೆಯ ಬಾಯಿಗೆ ಅಡ್ಡವಿದ್ದ ಮಣ್ಣನ್ನು ಕೈಯಿಂದಲೇ ಎಳೆದ. ನೀರು ಒಳಗೆ ಹೋಯಿತು. ಮೊದಲ ಸಾಲಿನ ಬುಡಗಳು ಸಣ್ಣಗೆ ಚುರ್ ಎಂದವು. ಇಬ್ಬರೂ ಅದನ್ನು ನೋಡುತ್ತ ನಿಂತರು. ಅವನ ಮುಖದಲ್ಲಿ ಬಿಸಿಲಿನದಲ್ಲದ ಕೆಂಪು ಏರಿತ್ತು. ಕೆಂಡದ ಮಾತು ಪಟ್ಟಲಮ್ಮನಿಗೆ ನೆನಪಾಯಿತು. ಅಷ್ಟೊಂದು ಇಷ್ಟಪಟ್ಟಿದ್ದ ಮಾತು. ಕಣ್ಣಾರೆ ಕಂಡಾಗ ಏನೂ ರುಚಿ ಇರಲಿಲ್ಲ. ಅವಳು ಮುಖ ತಿರುಗಿಸಿಕೊಂಡಳು, ಅವನು ಕೆಂಪಗಾದದ್ದನ್ನು ತಾನು ನೋಡಲಿಲ್ಲವೆಂದು ಅವನು ತಿಳಿಯಲಿ ಎಂದು.

"ನಿನ್ ಗದ್ದೆ?" ಎಂದ ತಿಮ್ಮಯ್ಯ.

"ಅದೆ."

"ಒಣಗ್ತದೆ."

"ಒಣಗ್ತದೆ. ಮಳೆ ಬಂದ್ರೆ ಇಲ್ಲ."

"ಪಟ್ಟಲಮ್ಮ" ಎಂದ ಅವನು. ಆ ಹೆಸರನ್ನು ಅವನ ಬಾಯಲ್ಲಿ ಪೂರ್ತಿಯಾಗಿ ಅವಳು ಕೇಳಿದ್ದು ಅದೇ ಮೊದಲು. "ಎಲ್ಲಾನೂ ಮರ್ತು ಕ್ಷಮಿಸ್ಬುಟ್ಟಿದೀಯಾ?"

ಬೇರೆ ಯಾರಾದರೂ ಆಗಿದ್ದರೆ ಹೌದು ಎಂದುಬಿಡುತ್ತಿದ್ದರು. ಆ ಹೊತ್ತಿಗೆ ಚೆನ್ನಾಗಿ ಒಪ್ಪುವ ಮಾತು. ಪಟ್ಟಲಮ್ಮ ಹೌದು ಎಂದರೆ ಹೌದಾಗಿರಬೇಕಾದ ಹೆಂಗಸು.

"ಇಲ್ಲ ಗೌಡ್ರೇ" ಎಂದಳು. "ಕೈಯಿ ಕ್ಷಮಿಸ್ಬುಡ್ತು. ಎದೆಗೆ ಇನ್ನೂ ವಸಿ ದಿನ ಬೇಕು. ಒಣಗಿದ್ ಕಾಲ್ವೆಲಿ ನೀರು ಬರೋಕೆ ತಡ ಆಯ್ತದೆ ಅಂತ ನಿಮ್ಗೂ ಈಗ ಗೊತ್ತಾಯ್ತಲ್ಲ."

ತಿಮ್ಮಯ್ಯ ಮುಂಡಾಸನ್ನು ಹಿಂಡಿದ, ಅದರಲ್ಲಿ ನೀರಿರಲಿಲ್ಲ. "ಆವತ್ತು... ಆ ಕಬ್ಬು ಒಂದು ನೆಪ ಕಣಮ್ಮ. ನಿನ್ ಗಂಡ ನನ್ನ ತೆವರಿ ಮೇಲೆ ಮೂವತ್ತು ವರ್ಸ..."

ಅವಳು ಕಿವಿಗೊಟ್ಟಿದ್ದಳು. ಆದರೆ ಕಣ್ಣು ಸೂರ್ಯನ ಕಡೆಗಿತ್ತು. ಹನ್ನೊಂದಾಗುತ್ತ ಬಂದಿದೆ. ಕಾಲುವೆಯಲ್ಲಿ ಇರುವ ನೀರು ಹರಿದು ಬಂದರೆ ಈ ಗದ್ದೆಗೆ ಸಾಕು. ಇನ್ನು ತೂಬು ಮುಚ್ಚದಿದ್ದರೆ ನಾಳೆ ನಡು ಬಯಲಿನವರ ಸರದಿಯಿಂದ ಹೋಗುತ್ತದೆ. ಎರಡು ಮೈಲಿ ನಡೆಯಬೇಕು.

"ಕಾಲ್ವೆ ಸುತ್ಕಂಡು ಯಾಕೆ ಓಯ್ತೀಯ" ಎಂದ ತಿಮ್ಮಯ್ಯ, ಅವಳ ಕಣ್ಣು ಹೋದ ಕಡೆ ನೋಡಿ. "ನನ್ ತೆವರಿ ಮೇಲೇ ನಡ್ಕಂಡು ಓಗು. ಅರ್ಧ ದಾರಿ ಉಳೀತದೆ. ಆವತ್ತೂ ನಾನು ಇಂಗೇ ಅಂದಿದ್ರೆ... ಕೇಳು ಪಟ್ಟಲಮ್ಮ, ಆ ರಾತ್ರಿ ನನ್ ಎಂಡ್ತಿ ಅಂಕಮ್ಮ ಅನ್ನ ಬಡಿಸ್ನಿಲ್ಲ ನಂಗೆ, ಏನಂದ್ಲು ಗೊತ್ತಾ, ಏನಂದ್ಲು ಅಂದ್ರೆ..."

ಪಟ್ಟಲಮ್ಮ ಸನಿಕೆಯನ್ನು ಹೆಗಲಿಗೇರಿಸಿದಳು. "ನೀರು ನಿಂತ ಮ್ಯಾಲೆ ಏಳಿ, ಕೇಳ್ತೀನಿ" ಎಂದು, ಬತ್ತದ ಗರಿಗಳನ್ನು ಮೊಣಕೈಯಿಂದ ಸರಿಸುತ್ತ, ಅವನ ತೆವರಿಯ ಮೇಲೆ ಕಾಲಿಟ್ಟು ಬಿರಬಿರನೆ ಕೆರೆಯ ಕಡೆಗೆ ನಡೆದಳು. ಹಿಂದೆ ತಿಮ್ಮಯ್ಯ ಇನ್ನೂ ಹೇಳುತ್ತಲೇ ಇದ್ದ.